ಎಂಟು ಕಾಲೇಜುಗಳ ಕ್ರಮಪಟ್ಟಿ

ಆಗಸ್ಟ್ 9, ಬುಧವಾರ

ನದಿಯ ದಂಡೆಯ ಮೇಲೆ ನಲವತ್ತು ನಿಮಿಷ ನಡಿಗೆ. ಗಂಜಿ, ಉಪ್ಪು ಮೊಟ್ಟೆ. ಪತ್ರಿಕೆಯ ಸಂಪಾದಕೀಯ ಓದಿದೆ. ಎರಡನೆಯ ಪ್ಯಾರಾದಲ್ಲೇ ವಾದ ಕುಸಿದಿದೆ.

ಒಂಬತ್ತಕ್ಕೆ ಪ್ರವೇಶದ ಫಲಿತಾಂಶ. ಚಿಂಗ್-ಲಾಮ್‌ಗೆ ಭೂಗೋಳ ವಿಭಾಗ ಸಿಕ್ಕಿದೆ. ಮಗಳ ಬೆನ್ನು ತಟ್ಟಬೇಕಿತ್ತೇನೋ. “ಸರಿ” ಎಂದೆ.

ಇನ್ನು ಕಾಲೇಜುಗಳ ಕ್ರಮಪಟ್ಟಿ. ಒಂದೇ ವಿಶ್ವವಿದ್ಯಾಲಯದ ಗುಡ್ಡದ ಮೇಲೆ ಎಂಟು ಕಾಲೇಜುಗಳು. ಓದುವ ವಿಷಯ ಯಾವುದೇ ಇರಲಿ. ವಾಸ, ಊಟ, ಕೊನೆಯ ತನಕ ಹೇಳಿಕೊಳ್ಳುವ ಹೆಸರು ಕಾಲೇಜಿನದು. ಇಷ್ಟದ ಕ್ರಮದಲ್ಲಿ ಎಂಟನ್ನೂ ಬರೆದು ಹದಿನೇಳರ ಸಂಜೆ ಐದರೊಳಗೆ ಕಳುಹಿಸಬೇಕು.

ಅವಳು ಮೊದಲು ಬರೆದದ್ದು ಹಿಂಗ್-ಯಾನ್. ನನ್ನ ಕಾಲೇಜು. ಅಲ್ಲಿನ ಚರ್ಚಾ ತಂಡಕ್ಕೆ ನಾನು ನಾಯಕನಾಗಿದ್ದೆ. ಪಾಕ್-ಹಿನ್ ಅಲ್ಲಿಗೆ ಸೇರಿದ್ದೂ ನನ್ನ ಮಾತಿನಿಂದಲೇ.

ಪಾಕ್-ಹಿನ್. ಈ ದಿನಚರಿಯಲ್ಲಿ ಮಗನ ಹೆಸರು ಬರೆಯದೆ ಒಂದು ವರ್ಷ ಒಂಬತ್ತು ತಿಂಗಳಾಗಿತ್ತು.

ಆಗಸ್ಟ್ 13, ಭಾನುವಾರ

ಮಧ್ಯಾಹ್ನದ ಊಟದ ಹೊತ್ತಿಗೆ ಚರ್ಚೆ. ಮನೆಯ ಪದ್ಧತಿ ಹಳೆಯದು — ದೊಡ್ಡ ನಿರ್ಧಾರಗಳಿಗೆ ಎರಡು ಪಕ್ಷ, ತಲಾ ನಾಲ್ಕು ನಿಮಿಷ. ಅವಧಿ ಮುಗಿದಾಗ ಚಾಪ್‌ಸ್ಟಿಕ್‌ನಿಂದ ಬಟ್ಟಲಿಗೆ ಒಂದು ಏಟು. ಮಕ್ಕಳು ಇದರಲ್ಲೇ ಬೆಳೆದರು. ಪಾಕ್-ಹಿನ್ ಒಮ್ಮೆಯೂ ಗೆಲ್ಲಲಿಲ್ಲ.

“ಮೀನು ಆರ್ತಿದೆ, ಪ್ರಿನ್ಸಿಪಾಲರೇ. ಸಭೆ ಆಮೇಲೆ ಸೇರ್ಸಿ,” ಎಂದಳು ಸಾವ್-ವಾ. ನಾನು ಉಪಪ್ರಾಂಶುಪಾಲ, ಚುಚ್ಚುವಾಗ ಮಾತ್ರ ನನ್ನ ಹೆಂಡತಿ ನನಗೆ ಬಡ್ತಿ ಕೊಡುತ್ತಾಳೆ.

ಹಿಂಗ್-ಯಾನ್ ಬೇಡವೆನ್ನಲು ಮೂರು ಅಂಶ ಮುಂದಿಟ್ಟೆ. ಕಟ್ಟಡ ಹಳೆಯದು, ಗೋಡೆಗಳಲ್ಲಿ ತೇವ. ಗುಡ್ಡದ ನೆತ್ತಿಯಲ್ಲಿರುವುದರಿಂದ ತರಗತಿಗಳು ದೂರ. ತಕ್-ಶನ್ ಕಾಲೇಜಾದರೆ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ವಾರಾಂತ್ಯಕ್ಕೆ ಮನೆಗೆ ಬರಬಹುದು. ಮೂರೂ ಸತ್ಯ.

ಮಗಳು ಅಂಶಗಳನ್ನು ಮಂಡಿಸಲಿಲ್ಲ. ಕೂತಲ್ಲಿಂದಲೇ ಹೇಳಿದಳು:

“ಅಲ್ಲಿ ಅಣ್ಣನ ಫ್ರೆಂಡ್ಸ್ ಇನ್ನೂ ಇದ್ದಾರಪ್ಪ. ಅವನ ಹೆಸರು ಹಿಡಿದು ಮಾತಾಡ್ತಾರೆ, ಅವನ ತರ ಮಿಮಿಕ್ರಿ ಮಾಡಿ ನಗ್ತಾರೆ. ಈ ಮನೇಲಿ ಯಾರಾದ್ರೂ ಅವನ ಹೆಸರು ಎತ್ತಿದ್ದೀರಾ?”

ಅದು ಭಾವನೆ, ವಾದವಲ್ಲ ಎಂದೆ. ಅವಧಿ ಮುಗಿಯುವ ಮೊದಲೇ ಬಟ್ಟಲಿಗೆ ಹೊಡೆದೆ. ನಿಯಮಭಂಗ.

ಆಗಸ್ಟ್ 14, ಸೋಮವಾರ, ಬೆಳಿಗ್ಗೆ 6

ನಾಲ್ಕನೆಯ ಅಂಶ. ಮಂಡಿಸದೆ ಉಳಿಸಿಕೊಂಡದ್ದು.

ಆ ನವೆಂಬರಿನಲ್ಲಿ ಮಗ ಹಾಸ್ಟೆಲಿನಿಂದ ಫೋನ್ ಮಾಡಿದ್ದ. ಈ ವಾರ ಮನೆಗೆ ಬರಲೇ ಎಂದು ಕೇಳಿದ. ಚರ್ಚಾ ತಂಡದ ಆಯ್ಕೆ ಶನಿವಾರವಿತ್ತು. “ಆಯ್ಕೆ ಮುಗಿಸ್ಕೊಂಡು ಬಾ. ಅದಕ್ಕೆ ಮುಂಚೆ ಬಂದ್ರೆ ಬಾಗಿಲು ತೆಗೆಯಲ್ಲ,” ಎಂದೆ. ಜ್ವರವೆಂದು ಅವನು ಹೇಳಲಿಲ್ಲ. ಸ್ವರ ಒಡೆದಿತ್ತು, ಅಭ್ಯಾಸದಿಂದ ಎಂದುಕೊಂಡೆ. ಮೆಚ್ಚಿಕೊಂಡೆ ಕೂಡ.

ನಾಲ್ಕು ದಿನ ಹಾಸಿಗೆಯಲ್ಲಿದ್ದ. ಸೋಂಕು ಮಿದುಳಿಗೆ ಏರಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ಕೊಠಡಿಯ ಜೊತೆಗಾರ ಯಿಪ್ ಸೀ-ಹಾಂಗ್.

ಮಗ ನನಗೆ ಫೋನ್ ಮಾಡಿದಾಗ ಯಿಪ್ ಕೊಠಡಿಯಲ್ಲೇ ಇದ್ದ. ಅಂತ್ಯಕ್ರಿಯೆಯ ದಿನ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಈಗಲೂ ಹಿಂಗ್-ಯಾನ್‌ನಲ್ಲೇ ಇದ್ದಾನೆ, ಕೊನೆಯ ವರ್ಷ. ಚಿಂಗ್-ಲಾಮ್ ಹೋದರೆ ಮೊದಲ ವಾರದಲ್ಲೇ ಕೇಳುತ್ತಾಳೆ, ಅವನು ಹೇಳುತ್ತಾನೆ.

ಸಾವ್-ವಾಗೂ ಈ ವಿಷಯ ಗೊತ್ತಿಲ್ಲ.

ಆಗಸ್ಟ್ 16, ಬುಧವಾರ

ಚಾಂದ್ರಮಾನದ ಏಳನೆಯ ತಿಂಗಳ ಮೊದಲ ದಿನ. ಸತ್ತವರಿಗೆ ಬಾಗಿಲು ತೆರೆಯುವ ತಿಂಗಳು. ಸಂಜೆ ರಸ್ತೆಯ ಅಂಚಿನುದ್ದಕ್ಕೂ ತಗಡಿನ ಡಬ್ಬಗಳಲ್ಲಿ ಬೆಂಕಿ, ಕಾಗದದ ಬೂದಿ. ಸುಟ್ಟದ್ದು ಸತ್ತವರಿಗೆ ತಲುಪುತ್ತದೆ ಎಂಬ ನಂಬಿಕೆ. ಚಿಂಗ್-ಲಾಮ್ ಅಣ್ಣನಿಗೆಂದು ಕಾಗದದ ಬೂಟು ಸುಟ್ಟಳು. ನಾನು ಇಳಿದು ಹೋಗಲಿಲ್ಲ. ಹೆತ್ತವರು ಮಕ್ಕಳಿಗೆ ಊದುಬತ್ತಿ ಹಚ್ಚುವಂತಿಲ್ಲ, ತಲೆ ಬಾಗುವಂತಿಲ್ಲ. ಈ ಪದ್ಧತಿಯ ಹಿಂದೆ ಅಡಗಿ ನಿಲ್ಲುವುದು ನನಗೆ ಅನುಕೂಲವಾಗಿದೆ. ಆರನೆಯ ಮಹಡಿಯ ಕಿಟಕಿಯಿಂದ ನೋಡಿದೆ.

ಬೂಟಿನ ಜೊತೆ ಕ್ರಮಪಟ್ಟಿಯ ಒಂದು ಪ್ರತಿಯನ್ನೂ ಸುಟ್ಟಳಂತೆ. ಅಣ್ಣ ನೋಡಿ ಒಪ್ಪಲಿ ಎಂದು. ಸಾವ್-ವಾ ಹೇಳಿದಳು.

ಆಗಸ್ಟ್ 17, ಗುರುವಾರ, ಸಂಜೆ 4.40

ತಾಯಿ ಮಗಳು ಮಾರುಕಟ್ಟೆಗೆ ಹೋಗಿದ್ದಾರೆ. ನನ್ನ ಓದುಕೋಣೆಯ ಕಂಪ್ಯೂಟರಿನಲ್ಲಿ ಮಗಳ ಪ್ರವೇಶದ ಖಾತೆ ತೆರೆದೇ ಇತ್ತು. ಮುಚ್ಚಬೇಕೆಂದು ಅವಳಿಗೆ ಅನ್ನಿಸಿಲ್ಲ — ಇದು ಅವಳ ಮನೆ.

ಹಿಂಗ್-ಯಾನ್: ಒಂದರಿಂದ ಎಂಟಕ್ಕೆ.
ತಕ್-ಶನ್: ಒಂದಕ್ಕೆ.

ಪ್ರತಿ ಮುದ್ರಿಸಬೇಕೆ ಎಂದು ಕೇಳಿತು. ಬೇಡ ಎಂದು ಒತ್ತಿದೆ.

ಆಗಸ್ಟ್ 22, ಮಂಗಳವಾರ

ಹಂಚಿಕೆ ಪ್ರಕಟವಾಯಿತು. ತಕ್-ಶನ್.

ಅಳುತ್ತಾಳೆಂದುಕೊಂಡಿದ್ದೆ. ಪರದೆ ಆರಿಸಿದಳು. ಆಮೇಲೆ ಎದ್ದು ಅಣ್ಣನ ಫೋಟೋದ ಮುಂದೆ ಊದುಬತ್ತಿ ಹಚ್ಚಿ, ಮೂರು ಸಲ ಬಾಗಿದಳು.

“ಅಣ್ಣನೇ ಬೇಡ ಅಂದಿರ್ಬೇಕು,” ಎಂದಳು, ತಿರುಗದೆ. “ಕೇಳಿದ್ದು ನಾನೇ ಅಲ್ವಾ. ನಾನು ಅಲ್ಲಿಗೆ ಬರೋದು ಅವನಿಗೆ ಇಷ್ಟ ಇಲ್ಲ.”

ಇಪ್ಪತ್ತು ವೇದಿಕೆಗಳ ಮೇಲೆ, ಸಿದ್ಧತೆಯಿಲ್ಲದೆ, ಯಾವ ಪಕ್ಷಕ್ಕಾದರೂ ಮಾತನಾಡಿದವನು ನಾನು. ಸೂಪು ಆರುತ್ತಿದೆ ಎಂದೆ.

ಆಗಸ್ಟ್ 24, ಗುರುವಾರ

ಇವತ್ತು ಫೋಟೋದ ಮುಂದೆ ಊದುಬತ್ತಿ ಇಲ್ಲ. ಕಾರಣ ಕೇಳಿದ್ದು ಸಾವ್-ವಾ. ತಾನು ಎದುರಿಗೆ ನಿಂತರೆ ಅವನಿಗೆ ಕಿರಿಕಿರಿ ಆಗಬಹುದು ಎಂದಳಂತೆ ಮಗಳು.

ಬಟ್ಟೆ ಮಡಚುತ್ತಾ ಸಾವ್-ವಾ ನನಗೆ ಇಷ್ಟೇ ಹೇಳಿದಳು: “ಹೋದ ಗುರುವಾರ ನಾವು ಮಾರ್ಕೆಟ್‌ನಿಂದ ಬಂದಾಗ ನೀವು ಓದೋ ರೂಮಿನ ಬಾಗಿಲು ಹಾಕ್ಕೊಂಡಿದ್ರಿ. ಆ ಸೆಕೇಲಿ ಎಸಿನೂ ಹಾಕಿರ್ಲಿಲ್ಲ.” ಮತ್ತೊಂದು ಅಂಗಿ ಎತ್ತಿಕೊಂಡಳು.

ಮಗನನ್ನು ಮಗಳಿಗೆ ಮರಳಿ ಕೊಡಬಹುದಾಗಿದ್ದ ಒಂದು ಸ್ಥಳವಿತ್ತು, ಅದನ್ನು ಮುಚ್ಚಿದೆ. ಈಗ ಅವಳು ಅವನಿಂದಲೂ ದೂರ ಸರಿಯುತ್ತಿದ್ದಾಳೆ. ನನ್ನ ಅಪರಾಧ ಮತ್ತೊಮ್ಮೆ ಅವನ ಮೈಮೇಲೆ ಬಿದ್ದಿದೆ. ಅವನು ಪ್ರತಿವಾದ ಮಾಡಲಾರ.

ಆಗಸ್ಟ್ 25, ಶುಕ್ರವಾರ, ಬೆಳಿಗ್ಗೆ 10.15

ಕಾಲೇಜು ಬದಲಾವಣೆಯ ಅರ್ಜಿಗೆ ಇವತ್ತು ಹನ್ನೆರಡರ ತನಕ ಅವಕಾಶ. ಅರ್ಜಿ ಮುದ್ರಿಸಿ ತಂದು ಮೇಜಿನ ಮೇಲಿಟ್ಟಿದ್ದೇನೆ. ವಿದ್ಯಾರ್ಥಿನಿಯ ಸಹಿ ಬೇಕು. ಕಾರಣ ಬರೆಯಬೇಕು.

ಮೊದಲ ಕರಡು: “ತಾಂತ್ರಿಕ ದೋಷದಿಂದ.” ಹರಿದೆ.
ಎರಡನೆಯದು: “ಕುಟುಂಬದ ಗೊಂದಲದಿಂದ.” ಹರಿದೆ.
ಮೂರನೆಯದು: “ಪಟ್ಟಿಯನ್ನು ಬದಲಾಯಿಸಿದವನು ತಂದೆ.” ಇದು ನಿಲ್ಲುತ್ತದೆ. ಆದರೆ ಸಹಿ ಹಾಕುವ ಮುನ್ನ ಅವಳು ಏಕೆ ಎಂದು ಕೇಳುತ್ತಾಳೆ. ಆಗ ಫೋನಿನ ವಿಷಯ ಹೇಳಬೇಕು. ಯಿಪ್ ಹೇಳುವ ಮೊದಲು, ನಾನು.

ಕರೆದೆ. “ಬಂದೆ” ಎಂದಳು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಸಾವ್-ವಾ ತಾನೇ ಒಂದು ಬಟ್ಟಲು, ಒಂದು ಚಾಪ್‌ಸ್ಟಿಕ್ ತಂದು ನನ್ನೆದುರು ಇಟ್ಟು ಹೋದಳು. ತಮಾಷೆಗಲ್ಲ.

ನಾಲ್ಕು ನಿಮಿಷ. ಪೀಠಿಕೆ ಬೇಡ.

ಚಪ್ಪಲಿಯ ಸದ್ದು ಹತ್ತಿರ ಬರುತ್ತಿದೆ. ಮೊದಲನೆಯದಾಗಿ —