ಸಂಜೆ ವಾಚನಾಲಯ ಮುಚ್ಚುವ ಮೊದಲು

ಗುರುವಾರ, ಮಧ್ಯಾಹ್ನ

ಮಾನ್ಯರೇ,

ನೋಡಿ, ಪೆನ್ನು ಹಿಡಿದ ಕೂಡಲೇ ಕೈ ತಾನಾಗಿ ಇದನ್ನೇ ಬರೆಯಿತು. ಹೊಡೆದುಹಾಕಿ ‘ಪ್ರಿಯ’ ಎಂದು ಬರೆಯೋಣವೆಂದರೆ, ನಿಮ್ಮ ತಮ್ಮನ ಹೆಂಡತಿಗೆ ತೋರಿಸಿ ನಗುತ್ತೀರೇನೋ ಎಂಬ ಭಯ. ‘ಏನೂಂದ್ರೆ’ ಎಂದು ಕರೆಯುವ ಅಭ್ಯಾಸ ಬಾಯಿಗೆ ತಪ್ಪಿಹೋಗಿ ಐದು ವರ್ಷವಾಯಿತು. ಇರಲಿ ಬಿಡಿ. ಗ್ರಂಥಾಲಯಕ್ಕಾಗಿ ಕಂಡಕಂಡ ಟ್ರಸ್ಟುಗಳಿಗೆ ಅನುದಾನದ ಅರ್ಜಿ ಬರೆದು ಬರೆದು ನನಗೆ ಬೇರೆ ಒಕ್ಕಣೆಯೇ ಮರೆತಿದೆ.

ವಿಷಯ ಮೊದಲು ಹೇಳಿಬಿಡುತ್ತೇನೆ. ಮುಂದಿನ ತಿಂಗಳಿಂದ ನಮ್ಮಲ್ಲಿ ಸಂಜೆ ವಾಚನಾಲಯ ಇರುವುದಿಲ್ಲ. ಐದಕ್ಕೇ ಬಾಗಿಲು ಹಾಕುತ್ತಾರೆ. ಸೋಮವಾರ ನೋಟೀಸು ಅಂಟಿಸುತ್ತಾರೆ. ನೀವು ಪಂಪ್ ರಿಪೇರಿ ಅಂಗಡಿ ಮುಚ್ಚಿ, ಕೈಯ ಗ್ರೀಸು ಉಜ್ಜಿ ತೊಳೆದು, ಅಷ್ಟು ದೂರ ಬಂದು ಬೀಗ ನೋಡಿಕೊಂಡು ನಿಲ್ಲುವುದು ಬೇಡ ಎಂದು ಬರೆಯುತ್ತಿದ್ದೇನೆ. ನೀವು ದಿನಾ ಬರುವುದು ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಕೌಂಟರಿನಲ್ಲಿ ಕೂರುವಾಕೆಯ ಹೊಟ್ಟೆಯಲ್ಲಿ ಯಾವ ಸುದ್ದಿ ತಾನೇ ಉಳಿಯುತ್ತದೆ? ನೀವು ಕೆಳಗೆ ಪೇಪರ್ ಓದುವ ಹೊತ್ತಿಗೆ ನಾನು ಮೇಲಿನ ಕೋಣೆಯಲ್ಲೇ ಇರುತ್ತೇನೆ. ಕೆಲಸ ಅಷ್ಟಿರುತ್ತದೆ, ಮುಗಿಯುವಷ್ಟರಲ್ಲಿ ಎಂಟಾಗಿರುತ್ತದೆ.

ಮುಚ್ಚುವುದಕ್ಕೆ ನಾನೇ ಕಾರಣ ಎಂದು ಆಫೀಸಿನಲ್ಲಿ ಗುಸುಗುಸು ನಡೆದಿದೆ. ಪೂರ್ತಿ ಸುಳ್ಳಲ್ಲ. ನಿಮಗೆ ನನ್ನ ಕೆಲಸದ ಬಗ್ಗೆ ಕೇಳುವ ತಾಳ್ಮೆ ಯಾವತ್ತೂ ಇರಲಿಲ್ಲ. ಮಾತಾಡೋಕೂ ನಿನಗೊಂದು ಅರ್ಜಿ ಹಾಕ್ಬೇಕಾ ಅಂತ ಕೇಳಿಯೇ ನೀವು ಪೆಟ್ಟಿಗೆ ಕಟ್ಟಿಕೊಂಡು ತಮ್ಮನ ಮನೆಯ ಮಹಡಿ ಸೇರಿದ್ದು. ಈಗಲಾದರೂ ಓದಿ. ಓದುವಾಗ ಎದುರುತ್ತರ ಕೊಡಲಾಗುವುದಿಲ್ಲ, ಅದೊಂದು ಅನುಕೂಲ.

ಹಣ ಕೊಡುವವರು ಹೊಸದಕ್ಕೆ ಮಾತ್ರ ಕೊಡುತ್ತಾರೆ. ದೀಪ ಉರಿಯಬೇಕು, ಸಂಜೆ ಪಾಳಿಯವರಿಗೆ ಸಂಬಳ ಆಗಬೇಕು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಅದೇ ಕುರ್ಚಿ, ಅದೇ ಮೇಜು, ಅದೇ ಹಳೆಯ ಪೇಪರಿಗೆ ನಾನು ಮೂರು ಸಲ ನಾಮಕರಣ ಮಾಡಿದ್ದೇನೆ. ಮೊದಲು ಅದು ಸಂಜೆ ಓದು ಯೋಜನೆ, ಆಮೇಲೆ ದುಡಿಯುವವರ ಜ್ಞಾನಕೇಂದ್ರ, ಈಗ ಅಕ್ಷರ ಅಂಗಳ. ನೀವು ಅಂಗಳದಲ್ಲಿ ಕೂತಿದ್ದೀರಿ ಎಂದು ನಿಮಗೇ ಗೊತ್ತಿರಲಿಕ್ಕಿಲ್ಲ.

ಪ್ರತಿ ಅರ್ಜಿಯ ಕೊನೆಗೂ ಒಂದು ಪ್ರಶ್ನೆ ಇರುತ್ತದೆ: ನಮ್ಮ ಹಣ ಮುಗಿದ ಮೇಲೆ ಇದನ್ನು ಹೇಗೆ ನಡೆಸುತ್ತೀರಿ? ನಮ್ಮ ಕಸುಬಿನಲ್ಲಿ ಎಲ್ಲರೂ ಬರೆಯುವ ಉತ್ತರ ಒಂದೇ, ನಗರಸಭೆ ವಹಿಸಿಕೊಳ್ಳುತ್ತದೆ ಎಂದು. ನಗರಸಭೆ ವಹಿಸಿಕೊಳ್ಳುವುದಿಲ್ಲ ಎಂದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಬಾಗಿಲಲ್ಲಿ ನಿಂತವರನ್ನು ಊಟ ಆಯ್ತಾ ಎಂದು ಕೇಳಿದರೆ ಹಸಿದಿದ್ದರೂ ಆಯ್ತು ಎನ್ನುತ್ತೇವಲ್ಲ, ಹಾಗೆ.

ಈ ಸಲ ನಮಗೆ ಹಣ ಕೊಡುವ ಟ್ರಸ್ಟಿನ ಹಳೆಯ ಅಧಿಕಾರಿ ಹೋಗಿ ಅವರ ಜಾಗಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ನಮ್ಮ ಮಗಳಿಗಿಂತ ಚಿಕ್ಕವಳು. ಅವಳು ನನ್ನ ಮಾತನ್ನು ನಂಬಿಬಿಟ್ಟಳು! ಇನ್ನು ಮುಂದೆ ನೀವೇ ನಡೆಸುತ್ತೀರಂತೆ, ತುಂಬ ಸಂತೋಷ ಎಂದು ನಗರಸಭೆಗೆ ನೇರವಾಗಿ ಬರೆದಳು. ಅವರು ನಾವು ಯಾವ ಕಾಲಕ್ಕೆ ಒಪ್ಪಿದ್ದೆವು ಎಂದು ಹಾರಾಡಿದರು. ಎರಡೂ ಕಡೆಯ ಸಿಟ್ಟು ಬಂದು ಕೂತದ್ದು ನನ್ನ ತಲೆಯ ಮೇಲೆ. ನಮ್ಮ ಮುಖ್ಯ ಗ್ರಂಥಪಾಲಕರು ಮೀಟಿಂಗಿನುದ್ದಕ್ಕೂ ಅವರ ಮಾತಿಗೆಲ್ಲ ತಲೆ ಆಡಿಸಿದರು. ಹೊರಗೆ ಬಂದ ಮೇಲೆ ಮಾತ್ರ, ನೀವು ಸ್ವಲ್ಪ ನೋಡಿ ಬರೀಬೇಕಿತ್ತು ಮೇಡಂ ಅಂದರು.

ಆ ಹುಡುಗಿ ಮಾತ್ರ ಕೆಟ್ಟವಳಲ್ಲ. ಇನ್ನೊಂದು ವರ್ಷದ ಹಣಕ್ಕೆ ನಾನೇ ಹೋರಾಡ್ತೀನಿ, ಆದರೆ ಬರೆದಿದ್ದನ್ನ ಇನ್ನು ನಂಬಲ್ಲ, ಕಣ್ಣಾರೆ ನೋಡ್ಬೇಕು ಅಂದಳು. ಒಂದೇ ಷರತ್ತು: ಹೇಳದೆ ಕೇಳದೆ ಬರುತ್ತಾಳೆ, ತಾನೇ ಆರಿಸಿದ ಒಬ್ಬ ಓದುಗರ ಜೊತೆ ಮಾತಾಡುತ್ತಾಳೆ, ಅವರು ಹೇಳಿದ್ದನ್ನು ವರದಿಗೆ ಹಾಕುತ್ತಾಳೆ. ನಾನು ಹೂಂ ಎಂದೆ. ನಮ್ಮಲ್ಲಿ ಯಾರನ್ನು ಆರಿಸಿದರೂ ಒಳ್ಳೆಯದನ್ನೇ ಹೇಳುತ್ತಾರೆ ಎಂಬ ಧೈರ್ಯ ನನಗಿತ್ತು. ಬಾಗಿಲ ಹತ್ತಿರ ಪರೀಕ್ಷೆಗೆ ಓದುವ ಸೆಕ್ಯೂರಿಟಿಯವನು, ರಾತ್ರಿ ಪಾಳಿಗೆ ಮುಂಚೆ ಕಾದಂಬರಿ ಹಿಡಿಯುವ ನರ್ಸಮ್ಮ, ಅತ್ತೆಯ ಕಾಟ ತಪ್ಪಿಸಿಕೊಳ್ಳಲು ಬಂದು ಈಗ ನಿಜವಾಗಿಯೂ ಓದುವ ಚಟ ಹತ್ತಿಸಿಕೊಂಡ ಇಸ್ತ್ರಿ ಅಂಗಡಿಯಾಕೆ. ಒಬ್ಬೊಬ್ಬರೂ ಚಿನ್ನ.

ಹೋದ ತಿಂಗಳ ಒಂದು ಮಂಗಳವಾರ ಬಂದಳು. ನಾವಿಬ್ಬರೂ ಗಾಜಿನ ಬಾಗಿಲ ಹೊರಗೆ ನಿಂತೆವು. ಎಲ್ಲರನ್ನೂ ಒಮ್ಮೆ ನೋಡಿ, ಆ ಮೂಲೆಯಲ್ಲಿ ಮಲಗಿದಾರಲ್ಲ, ಅವರು ಅಂದಳು.

ನೀವು.

ಪೇಪರಿನ ಮೇಲೆ ಕೆನ್ನೆ ಇಟ್ಟು ಗಾಢ ನಿದ್ದೆಯಲ್ಲಿದ್ದಿರಿ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕಾಲರ್ ಸವೆದುಹೋದ ಆ ನೀಲಿ ಶರ್ಟನ್ನು ಇನ್ನೂ ಎಸೆದಿಲ್ಲ ನೀವು. ನಿಮಗೆ ಗೊತ್ತಿರೋರಾ ಅಂತ ಕೇಳಿದಳು. ಸ್ವಲ್ಪ ಗೊತ್ತು ಎಂದೆ. ಎಬ್ಬಿಸಿ ಮೇಡಂ, ಐದು ನಿಮಿಷ ಸಾಕು ಅಂದಳು. ಎಬ್ಬಿಸಿದ್ದರೆ ನೀವು ಹೇಗೆ ಮಾತಾಡುತ್ತಿದ್ದಿರಿ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತು? ಪ್ರಪಂಚದ ನದಿಗಳೆಲ್ಲ ಯಾವ ಯಾವ ಕಡಲಿಗೆ ಸೇರುತ್ತವೆ ಎಂದು ಶುರುಮಾಡಿ ಅವಳ ಪುಸ್ತಕದ ಹಾಳೆ ಮುಗಿಸಿಬಿಡುತ್ತಿದ್ದಿರಿ. ಒಂದು ವರ್ಷದ ಹಣ ಅಲ್ಲೇ ಕೈಗೆ ಬರುತ್ತಿತ್ತು.

ಬೇಡ, ದಣಿದಿದ್ದಾರೆ, ಬೇರೆ ಯಾರನ್ನಾದರೂ ಕೇಳು ಎಂದೆ. ಅವಳ ಮುಖ ಚಿಕ್ಕದಾಯಿತು. ಆಗ ನೀವು ಆರಿಸಿಕೊಟ್ಟ ಹಾಗಾಗುತ್ತಲ್ಲ ಮೇಡಂ ಅಂದಳು. ಒಂದು ಸಲ ಸುಳ್ಳು ಬರೆದವಳ ಬಾಯಿಂದ ಬರುವ ‘ಬೇಡ’ವನ್ನು ಅವಳು ಇನ್ನು ಹೇಗೆ ತಿಳಿದುಕೊಳ್ಳಬೇಕು? ಇಲ್ಲೂ ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದುಕೊಂಡಿರಬೇಕು. ವರದಿಯಲ್ಲಿ ಸಂಜೆ ಹೊತ್ತು ಸ್ಥಳ ಮುಖ್ಯವಾಗಿ ವಿಶ್ರಾಂತಿಗೆ ಬಳಕೆಯಾಗುತ್ತಿದೆ ಎಂದು ಬರೆದಳು. ಅದರ ಬದಲು ಹಗಲು ಹೊತ್ತಿಗೆ ಕಂಪ್ಯೂಟರ್ ಕೋಣೆ ಮಾಡಿ, ಹಣ ಕೊಡುತ್ತೇವೆ ಎಂದು ಟ್ರಸ್ಟಿನವರು ಹೇಳಿದರು. ಮುಖ್ಯ ಗ್ರಂಥಪಾಲಕರು ತಕ್ಷಣ ಒಪ್ಪಿದರು. ಆ ಅರ್ಜಿಯನ್ನೂ ನಾನೇ ಬರೆದೆ, ಚೆನ್ನಾಗಿಯೇ ಬರೆದೆ.

ಯಾಕೆ ಎಬ್ಬಿಸಲಿಲ್ಲ ಎಂದು ನೀವು ಕೇಳಬಹುದು. ನಾನೂ ಅವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೊನೆಕೊನೆಗೆ ನಿಮಗೆ ನಿದ್ದೆಯೇ ಬರುತ್ತಿರಲಿಲ್ಲ, ಗೋಡೆ ಕಡೆ ಹೊರಳಿ ಕಣ್ಣು ಬಿಟ್ಟುಕೊಂಡಿರುತ್ತಿದ್ದಿರಿ, ನಾನು ನೋಡಿಯೂ ನೋಡದಂತೆ ಅರ್ಜಿ ತಿದ್ದುತ್ತಿದ್ದೆ. ಹಾಗಿದ್ದವರು ಅಷ್ಟು ನೆಮ್ಮದಿಯಾಗಿ ಮಲಗಿದ್ದಾಗ ಭುಜ ಅಲುಗಾಡಿಸಿ, ಇವರು ನಮ್ಮ ಫಲಾನುಭವಿ ಎಂದು ಒಬ್ಬರ ಮುಂದೆ ನಿಲ್ಲಿಸುವುದು ನನ್ನಿಂದ ಆಗಲಿಲ್ಲ. ನರ್ಸಮ್ಮನ ಮುಖ, ಇಸ್ತ್ರಿ ಅಂಗಡಿಯಾಕೆಯ ಮುಖ ಕಣ್ಣೆದುರು ಬರುತ್ತದೆ. ಅವರಿಗೆ ನಾನು ಮಾಡಿದ್ದು ಅನ್ಯಾಯ. ಆದರೂ ಇನ್ನೊಮ್ಮೆ ಆ ಬಾಗಿಲಲ್ಲಿ ನಿಲ್ಲಿಸಿದರೆ ಅದನ್ನೇ ಮಾಡುತ್ತೇನೆ. ನನಗೆ ಸಾಕಾಗಿದೆ. ಎಲ್ಲರ ಬದುಕನ್ನೂ ಮಾರಿ ಹಣ ತಂದಿದ್ದೇನೆ, ನಿಮ್ಮ ನಿದ್ದೆಯನ್ನು ಮಾರಲಾರೆ.

ಇಷ್ಟು ತಿಳಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಶಾಖೆ ಏಳರವರೆಗೆ ತೆರೆದಿರುತ್ತದೆ. ನಿಮ್ಮ ಅಂಗಡಿಗೂ ಹತ್ತಿರ, ಪೇಪರ್ ಎಲ್ಲ ಬರುತ್ತವೆ. ಅಲ್ಲಿನ ಜವಾನನಿಗೆ ಫೋನ್ ಮಾಡಿ, ಒಬ್ಬರು ಬರುತ್ತಾರೆ, ಕಿಟಕಿ ಪಕ್ಕದ ಕುರ್ಚಿ ಕೊಡಿ ಎಂದು ಹೇಳಿದ್ದೇನೆ. ನಾಡಿದ್ದಿನಿಂದಲೇ ಹೋಗಬಹುದು.

ಆರೋಗ್ಯ ನೋಡಿಕೊಳ್ಳಿ. ಶರ್ಟು ಹೊಸದು ತೆಗೆದುಕೊಳ್ಳಿ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಆ ಶಾಖೆ ಚೆನ್ನಾಗಿಲ್ಲ. ಕುರ್ಚಿಗೆ ಕೈಗಳಿಲ್ಲ, ಫ್ಯಾನು ಕಿರುಗುಟ್ಟುತ್ತದೆ, ಅಲ್ಲಿ ನಿದ್ದೆ ಬರುವುದಿಲ್ಲ. ಇನ್ನೊಂದು ಮಾತು. ನನ್ನ ಕೆಲಸ ಯಾವತ್ತೂ ಐದಕ್ಕೇ ಮುಗಿಯುತ್ತಿತ್ತು. ಮೇಲಿನ ಕಿಟಕಿಯಿಂದ ಸೈಕಲ್ ಸ್ಟ್ಯಾಂಡು ಕಾಣುತ್ತದೆ. ನೀವು ಬೀಗ ತೆಗೆದು, ಬೆಲ್ ಒಮ್ಮೆ ಬಾರಿಸಿ ನೋಡಿ, ತಿರುವು ದಾಟುವ ತನಕ ನಿಂತಿದ್ದು ಆಮೇಲೆ ನಾನು ಮನೆಗೆ ಹೋಗುತ್ತಿದ್ದೆ. ಶಾಖೆಗೆ ಹೋಗಬೇಡಿ. ಮನೆಗೆ ಬನ್ನಿ.