ಹಿಂಬಾಗಿಲ ಬೀಗ

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಬಿಟ್ಟಿತೇ? ನಮ್ಮ ಕ್ಯಾಥೊಲಿಕ್ ಯುವ ಕಾರ್ಮಿಕರ ಚಳವಳಿಯ ಅಂತರರಾಷ್ಟ್ರೀಯ ಕಚೇರಿಗೆ ಹೋದ ಮೇಲೆ ನೀನು ಹತ್ತು ದೇಶದವರ ಕಷ್ಟ ಕೇಳುತ್ತೀಯ, ನಿನ್ನ ಗಂಟಲಿನ ಕಷ್ಟ ಕೇಳುವವರು ಯಾರೂ ಇಲ್ಲ ಎಂದು ಅಪ್ಪ ಗೊಣಗುತ್ತಿರುತ್ತಾರೆ. ಬಿಸಿನೀರು ಕುಡಿ. ನನಗಂತೂ ಗುರುವಾರದಿಂದ ಊಟ ಸೇರುತ್ತಿಲ್ಲ. ಫೋನ್ ಮಾಡೋಣವೆಂದರೆ ಅಪ್ಪನ ಕಿವಿ ಎಷ್ಟು ಚುರುಕೆಂದು ನಿನಗೇ ಗೊತ್ತು, ನನ್ನ ಅಳು ಅವರಿಗೆ ಕೇಳಿಸಬಾರದೆಂದೇ ಬರೆಯುತ್ತಿದ್ದೇನೆ.

ಚರ್ಚಿನ ಹಿಂದಿನ ಕೋಣೆಯಲ್ಲಿ ನೀನು ಕಟ್ಟಿದ ಯುವ ಕಾರ್ಮಿಕರ ಬಳಗ ಈಗಲೂ ನಿನ್ನ ಪದ್ಧತಿಯಲ್ಲೇ ನಡೆಯುತ್ತಿದೆ. ಕೆಲಸದ ಜಾಗದಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುವುದು, ಯಾರ ಹೆಸರನ್ನೂ ಎತ್ತದಿರುವುದು, ಸುವಾರ್ತೆ ಓದಿ ಅದನ್ನು ತೂಗಿ ನೋಡುವುದು, ಆಮೇಲೆ ಏನಾದರೂ ಮಾಡುವುದು. ಹೋದ ಭಾನುವಾರ ನನ್ನ ಸರದಿ. ನಮ್ಮ ಹೊಲಿಗೆ ಕಾರ್ಖಾನೆಯ ಹಿಂಬಾಗಿಲಿಗೆ ಕೆಲಸದ ಹೊತ್ತಿನಲ್ಲಿ ಹೊರಗಿನಿಂದ ಬೀಗ ಬೀಳುತ್ತದೆ, ಬೆಂಕಿ ಹತ್ತಿದರೆ ನಮಗೆ ದಾರಿಯೇ ಇಲ್ಲ ಎಂದೆ. ಬೀಗ ಹಾಕುವವರು ಯಾರೆಂದು ಹೇಳಲಿಲ್ಲ. ನಿಯಮವೂ ಹಾಗೇ ಇತ್ತು, ನನಗೂ ಅದೇ ಬೇಕಿತ್ತು. ಬಳಗದಲ್ಲಿ ಈಗಿರುವವರೆಲ್ಲ ಹೊಸಬರು, ಬೇರೆ ಬೇರೆ ಕಡೆ ದುಡಿಯುವವರು. ಅಲ್ಲಿನ ಕಾವಲುಗಾರ ನಮ್ಮಪ್ಪ ಎಂದು ಅವರಿಗೇನು ಗೊತ್ತು? ಒಳಗೆ ಸ್ವಂತ ಮಗಳಿರುವಾಗಲೂ ಅಪ್ಪ ದಿನಾ ಬೀಗ ಹಾಕುತ್ತಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಗುರುವಾರ ಬೇಕರಿಯ ಹುಡುಗಿಯೂ ಪ್ಲಂಬರನೂ ಬಳಗದ ಪರವಾಗಿ ನಮ್ಮ ಮ್ಯಾನೇಜರನ್ನು ಕಂಡು ಬಂದರು. ಅವನು ಕುರ್ಚಿ ಕೊಟ್ಟು, ಚಹಾ ಕೊಟ್ಟು, "ತಪ್ಪೆಲ್ಲಾ ಕಾವಲುಗಾರಂದು, ಸೋಮವಾರವೇ ಅವನನ್ನ ಮನೆಗೆ ಕಳಿಸ್ತೀನಿ" ಅಂದನಂತೆ. ಅಂದು ಸಂಜೆಯೇ ಬಳಗದವರನ್ನೆಲ್ಲ ಸೇರಿಸಿ ಇದನ್ನು ಹೇಳುವಾಗ ಬೇಕರಿಯವಳಿಗೆ ಗೆದ್ದೆವೆಂದು ಹಿಗ್ಗೋ ಹಿಗ್ಗು. ನಾನೂ ಚಪ್ಪಾಳೆ ತಟ್ಟಿದೆ ಅಕ್ಕಾ, ನನ್ನ ಮೇಲೆ ನನಗೇ ಅಸಹ್ಯವಾಯಿತು. ಬಟ್ಟೆ ಕದಿಯುತ್ತಾರೆಂದು ಬೀಗ ಹಾಕಿಸಿದವನೇ ಆ ಮ್ಯಾನೇಜರ್. ಆದರೆ ಅದು ನಾನು ಕಂಡದ್ದಲ್ಲ, ಅಪ್ಪ ಹೇಳಿ ಕೇಳಿದ್ದು. ಬರೀ ಕೇಳಿದ ಮಾತಿಗೆ ಬಳಗದಲ್ಲಿ ಬೆಲೆಯಿಲ್ಲ.

ಇವತ್ತು ಪೂಜೆ ಮುಗಿಸಿ ಬಂದು ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಬೂಟು ಉಜ್ಜುತ್ತಿದ್ದವರು ತಲೆ ಎತ್ತಲಿಲ್ಲ. "ಒಳಗೆ ನೀನಿರ್ತೀಯ ಅಂತ ದಿನಾ ನೆನಸ್ಕೊಂಡೇ ಹಾಕ್ತಿದ್ದೆ" ಎಂದರು. ಇನ್ನೂ ಉಜ್ಜುತ್ತಲೇ ಇದ್ದಾರೆ. ನಾಳೆ ಬೆಳಗ್ಗೆ ಅವರ ಕೆಲಸ ಹೋಗುತ್ತದೆ, ಬೀಗ ಅಲ್ಲೇ ಇರುತ್ತದೆ. ನನಗೆ ತುಂಬಾ ಭಯವಾಗುತ್ತಿದೆ.

ಕಚೇರಿಯ ನಿನ್ನ ಗೆಳತಿಯರನ್ನು ಕೇಳಿದೆನೆಂದು ಹೇಳು. ರಾತ್ರಿಯ ಪ್ರಾರ್ಥನೆಯಲ್ಲಿ ಅಪ್ಪನನ್ನು ಮೊದಲು ನೆನೆ, ನನ್ನನ್ನು ಆಮೇಲೆ.

ನಿನ್ನ ಬಾಲಂಗೋಚಿ

ಮತ್ತೊಂದು ವಿಷಯ: ಅವಸರದಲ್ಲಿದ್ದೇನೆ, ಬಳಗ ಸೇರುವ ಹೊತ್ತಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಕಣ್ಣಾರೆ ಕಂಡೋರೇ ಹೇಳ್ಬೇಕು ಅಂತೀರಲ್ಲ. ಆ ಮ್ಯಾನೇಜರ್ ಬೀಗ ಹಾಕು ಅಂದಾಗ ಎದುರಿಗಿದ್ದೋನು ನಾನೊಬ್ಬನೇ. ನಡಿ" ಅನ್ನುತ್ತಿದ್ದಾರೆ. ಮೂವತ್ತು ದಾಟಿದವರಿಗೆ ಬಳಗದಲ್ಲಿ ಜಾಗವಿಲ್ಲ ಎಂದು ನಿಯಮ ಮಾಡಿದವಳು ನೀನು. ಅಪ್ಪನಿಗೆ ಐವತ್ತೆಂಟು. ನಿನ್ನ ಉತ್ತರಕ್ಕೆ ನಾನು ಕಾಯುವುದಿಲ್ಲ; ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.