ಚಿಪಾ ಒಲೆಯ ಕೆಳಗಿನ ಇದ್ದಲು

ಕಾರಗುವಾತಾಯ್, ಮಾರ್ಚ್ ೩

ಅಮ್ಮಾ, ನಿನಗೊಂದು ಬಿಗಿ ಅಪ್ಪುಗೆ.

ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ: ನಾನು ಶಾಲೆಗೆ ಹೋಗುತ್ತಿಲ್ಲ. ನೀನು ಬ್ಯೂನಸ್ ಐರಿಸ್‌ನಲ್ಲಿ ಯಾರದೋ ಮನೆಯ ನೆಲ ಒರೆಸುತ್ತ, ಮಗಳು ಓದುತ್ತಿದ್ದಾಳೆ ಅಂದುಕೊಂಡಿದ್ದೀಯ. ಮಗಳು ಇಲ್ಲಿ ಅಪ್ಪನ ಕಿವಿಯಾಗಿದ್ದಾಳೆ. ಮರದ ಮಿಲ್ಲಿನಲ್ಲಿ ದುಡಿದು ಅವನ ಕಿವಿ ಮಂದವಾಗಿದೆಯಲ್ಲ, ಲೋಹ ಹುಡುಕುವ ಯಂತ್ರ ಕೂಗಿದರೂ ಕೇಳಿಸದು. ನಾನು ಕೇಳಿಸಿಕೊಂಡು ಬೆರಳು ತೋರಿಸಬೇಕು, ಅವನು ಅಗೆಯಬೇಕು. ಮೊದಮೊದಲು ತರಗತಿಯಲ್ಲಿ ಕೂರುವುದಕ್ಕಿಂತ ಇದೇ ವಾಸಿ ಅನಿಸಿತ್ತು. ಅವನೊಬ್ಬನದೇ ತಪ್ಪು ಅಂದರೆ ಸುಳ್ಳಾಗುತ್ತದೆ.

ಮುತ್ತಜ್ಜಂದಿರ ಕಾಲದ ದೊಡ್ಡ ಯುದ್ಧದಲ್ಲಿ ಊರು ಬಿಟ್ಟು ಓಡಿದವರು ಹೂತಿಟ್ಟ ಬೆಳ್ಳಿ ನಮ್ಮ ಹಿತ್ತಲಲ್ಲೇ ಇದೆಯಂತೆ. ಪಕ್ಕದ ಮನೆಯ ಮುದುಕ ಡಾನ್ ಪೋರ್ಫಿರಿಯೊ ಅಲ್ಲಿ ನೀಲಿ ಬೆಂಕಿ ಕಂಡನಂತೆ; ಹೂತ ಬೆಳ್ಳಿಯ ಮೇಲೆ ರಾತ್ರಿ ಅದು ಉರಿಯುತ್ತದಂತೆ. ಇಲ್ಲಿಯವರೆಗೆ ಸಿಕ್ಕಿದ್ದು ಏಳು ಲಾಳ, ಲೆಕ್ಕವಿಲ್ಲದಷ್ಟು ಮೀನಿನ ಡಬ್ಬಿ, ಸೈನಿಕನೊಬ್ಬನ ಅಂಗಿಯ ಗುಂಡಿ. ಹಿತ್ತಲಲ್ಲಿ ಕೋಳಿಗೂ ಕಾಲಿಡಲು ಜಾಗವಿಲ್ಲ.

ಸೋಮವಾರ ಯಂತ್ರ ನೀನು ಚಿಪಾ ರೊಟ್ಟಿ ಸುಡುತ್ತಿದ್ದ ಒಲೆಯ ಹತ್ತಿರ ಕೂಗಿತು. ಬೆರಳು ತೋರಿಸಿದವಳು ನಾನೇ. "ಒಲೆ ಮುಟ್ಬೇಡಪ್ಪ, ಅಮ್ಮ ಕೈಯಾರೆ ಕಟ್ಟಿದ್ದು" ಅಂದೆ. "ಬೆಳ್ಳಿ ಸಿಕ್ರೆ ಅವ್ಳಿಗೆ ಹತ್ತು ಒಲೆ ಕಟ್ಟಿಸ್ತೀನಿ. ಅಗಿಯೋವಾಗ ಮಾತಾಡ್ಬಾರ್ದು, ಬಾಯ್ಮುಚ್ಚೇ" ಅಂದ. ಒಡೆದ. ಎದೆಮಟ್ಟ ಅಗೆದ. ಇದ್ದಲು ಬಂತು. ಒಲೆಯ ಬುಡದಲ್ಲಿ ಇದ್ದಲಲ್ಲದೆ ಇನ್ನೇನು ಬರಬೇಕು! ಅಪ್ಪ ಕುಣಿದಾಡಿಬಿಟ್ಟ. ದುರಾಸೆಯವರು ಹತ್ತಿರವಿದ್ದರೆ ಬೆಳ್ಳಿ ಇದ್ದಲಾಗುತ್ತದಂತೆ. ಇದ್ದಲು ಬಂತೆಂದರೆ ಬೆಳ್ಳಿ ಇದ್ದದ್ದು ನಿಜವಂತೆ. ಇಂಥ ಲೆಕ್ಕಕ್ಕೆ ಯಾರು ಉತ್ತರ ಕೊಡುತ್ತಾರೆ?

ಡಾನ್ ಪೋರ್ಫಿರಿಯೊ ತಣ್ಣಗೆ ತನ್ನ ತೆರೆರೆ ಸೊಪ್ಪಿನ ಪಾನೀಯ ಹೀರುತ್ತ, "ಹುಡುಗಿ ಮೊನ್ನೆ ಹೊಸ ಚಪ್ಪಲಿ ಬೇಕು ಅಂತಿದ್ಲು" ಅಂದ.

"ನಿಮ್ಗೆ ಹಲ್ಲು ಸೆಟ್ಟಿನ ಆಸೆ ಇರ್ಲಿಲ್ವಾ, ಡಾನ್?" ಅಂದೆ.

ಬೆಳ್ಳಿ ಈಗ ಮಲಗುವ ಕೋಣೆಯ ಗೋಡೆಯ ಕೆಳಕ್ಕೆ ಸರಿದಿದೆಯಂತೆ. ಭಾನುವಾರ ಅಡಿಪಾಯ ಅಗೆಯುತ್ತಾನಂತೆ. ಮಣ್ಣಿನ ಗೋಡೆ ಅಮ್ಮಾ, ಮನೆಯೇ ಕೂತುಬಿಡುತ್ತದೆ. ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಯಂತ್ರ ಕೂಗದೆ ಅವನು ಗುದ್ದಲಿ ಎತ್ತುವುದಿಲ್ಲ. ನಾನಿಲ್ಲದೆ ಅದರ ಕೂಗು ಅವನಿಗೆ ಕೇಳಿಸುವುದಿಲ್ಲ. ಅದಕ್ಕೇ ವಿಯಾರಿಕಾದ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ. ಅಲ್ಲಿ ಶಾಲೆ ಸೇರುತ್ತೇನೆಂದು ಮಾತು ಕೊಡಲಾರೆ. ಕೆಲಸ ಹುಡುಕುತ್ತೇನೆ. ಹೋಗುತ್ತಿದ್ದೇನೆಂದು ಅಪ್ಪನಿಗೆ ಮುಖಕ್ಕೇ ಹೇಳಿದೆ. ಕೇಳಿಸಲಿಲ್ಲ ಅಂದ.

ನಿನ್ನ ಮೊಂಡಿ,
ನಿಮಿಯಾ

ಇನ್ನೊಂದು ಮಾತು: ಅಪ್ಪ ಗುಂಡಿಯಿಂದ ಮೇಲಕ್ಕೆಸೆದ ಇದ್ದಲಿನ ನಡುವೆ ಒಂದು ಬೆಳ್ಳಿ ನಾಣ್ಯವೂ ಇತ್ತು. ಅಪ್ಪ ಕುಣಿಯುವಾಗ ಅಂಗಾಲಲ್ಲಿ ಒತ್ತಿಹಿಡಿದು ನಿಂತಿದ್ದೆ. ಅವನಿಗೆ ತೋರಿಸಿದರೆ ಮನೆ ಉಳಿಯುವುದಿಲ್ಲ. ನಾಳೆ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಡುತ್ತೇನೆ.